ಒಂದು ಡೋಸಿನ ಸೋದರತ್ತೆ

ನನಗೆ ಒಬ್ಬನೇ ತಮ್ಮ, ಮಹಾಂತೇಶ. ಅವನಿಗೆ ಮದುವೆಯಾಗಿ ಬಹಳ ವರ್ಷಗಳ ಮೇಲೆ ಗಂಡುಕೂಸು ಹುಟ್ಟಿತು. ಅದಕ್ಕೆ ಹೆಸರಿಡುವ ಅಧಿಕಾರ ಸೋದರತ್ತೆಯಾದ ನನ್ನದು. ಇದು ನಾನು ಮಾಡಿದ ಕಾನೂನಲ್ಲ. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಅದರ ಕಿವಿಯಲ್ಲಿ 'ಕುರ್ರ್' ಅಂದು ಮೂರು ಸಲ ಹೆಸರು ಹೇಳಬೇಕು. ಅವಳು ಹೇಳುವಾಗ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಗುದ್ದಬೇಕು ಎಂದು ನನಗೆ ಯಾರೂ ಹೇಳಿಲ್ಲ. ಗುದ್ದುವವರು ಅದನ್ನು ಕೇಳುವುದಿಲ್ಲ, ಗುದ್ದಿಸಿಕೊಳ್ಳುವವಳಿಗೆ ಕೇಳಲು ಪುರಸತ್ತು ಇರುವುದಿಲ್ಲ.

ಈ ಅಧಿಕಾರಕ್ಕೆ ಇನ್ನೊಬ್ಬಳು ಹಕ್ಕುದಾರಳಿದ್ದಳು. ನನ್ನ ತಂಗಿ ಗೌರಿ, ಬಾಗಲಕೋಟೆಯಲ್ಲಿ ಶಾಲಾ ಶಿಕ್ಷಕಿ. ಅದು ಕೊರೊನಾದ ಎರಡನೇ ಅಲೆ ಇಳಿಯುತ್ತಿದ್ದ ಕಾಲ. ಮಹಾಂತೇಶನ ಹೆಂಡತಿ ರೂಪಾ ಬಾದಾಮಿಯ ತವರಿನಲ್ಲಿ ಬಾಣಂತಿ. ಅವಳ ಅಪ್ಪನದು ಔಷಧ ಅಂಗಡಿ, ಹಾಗಾಗಿ ಅವಳು ಹುಟ್ಟಿನಿಂದಲೇ ಅರ್ಧ ಡಾಕ್ಟರು. ಒಂದು ದಿನ ಅವಳ ಫೋನು ಬಂತು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಸೂಜಿ ಮಾಡಿಸ್ಕೊಂಡವರಷ್ಟ ತೊಟ್ಟಲ ಹತ್ರ ಬರಬೇಕಂತ ಮಾಡೇವಿ. ನಿಮ್ಮಿಬ್ಬರೊಳಗ ಯಾರಿಗೆ ಆಗಿರ್ತೈತೊ ಅವರು ಹೆಸರಿಡ್ಲಿ."

ಗೌರಿಗೆ ಎರಡೂ ಡೋಸ್ ಆಗಿದ್ದವು. ನನಗೆ ಒಂದೂ ಆಗಿರಲಿಲ್ಲ.

ಯಾಕೆ ಆಗಿರಲಿಲ್ಲ ಎಂಬುದಕ್ಕೆ ಸಣ್ಣ ಇತಿಹಾಸವಿದೆ. ನಾನು ಇಳಕಲ್ಲಿನಲ್ಲಿ ಸೀರೆಗೆ ಕುಬಸ ಹೊಲಿಯುವವಳು. ಲಸಿಕೆ ಹೊಸದಾಗಿ ಬಂದಾಗ ನಮ್ಮ ಓಣಿಯ ಆಶಾ ಕಾರ್ಯಕರ್ತೆ ಶಾಂತಕ್ಕ ಮನೆಮನೆಗೆ ಬಂದು ಕೈ ಮುಗಿಯುತ್ತಿದ್ದಳು. ದವಾಖಾನೆಯಲ್ಲಿ ಆಗ ನೊಣ ಹೊಡೆಯುತ್ತ ಕೂತಿದ್ದರು. ನಾನು ಮಾತ್ರ ಭಾರೀ ವಿಚಾರವಂತೆ. "ಮೊದಲ ಮಂದಿ ಮಾಡಿಸ್ಕೊಳ್ಳಿ ಶಾಂತಕ್ಕ, ಅವರಿಗೆ ಏನಾಕ್ಕೈತಿ ನೋಡಿ ಆಮ್ಯಾಲೆ ನಾ ಬರ್ತೇನಿ" ಎಂದೆ. ಮುಂದಿನ ಸಲ ಬಂದಾಗ ಸೋಮವಾರದ ಉಪವಾಸ ಎಂದೆ. ಅದರ ಮುಂದಿನ ಸಲ ಅಮಾವಾಸ್ಯೆ ಎಂದೆ. ಕಡೆಕಡೆಗೆ ಅವಳ ಧ್ವನಿ ಕೇಳಿದೊಡನೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳತೊಡಗಿದೆ. ನಮ್ಮ ಮನೆಯವರು ಮಾತ್ರ ಶಾಂತಕ್ಕನ ಹಿಂದೆ ಸುಮ್ಮನೆ ಹೋಗಿ ಚುಚ್ಚಿಸಿಕೊಂಡು ಬಂದರು. ಏನಾದರೂ ಆಗುತ್ತದೋ ಎಂದು ಬಹಳ ದಿನ ಅವರನ್ನು ಗಮನಿಸಿದೆ. ಯಾವ ಬದಲಾವಣೆಯೂ ಕಾಣಲಿಲ್ಲ. ಮದುವೆಯಾದಂದಿನಿಂದಲೂ ಅವರಲ್ಲಿ ನಾನು ಬದಲಾವಣೆ ಕಂಡಿಲ್ಲವಾದ್ದರಿಂದ ಆ ಪ್ರಯೋಗದಿಂದ ಏನೂ ಸಾಬೀತಾಗಲಿಲ್ಲ.

ರೂಪಾಳ ಫೋನು ಬಂದ ಅರ್ಧ ತಾಸಿನಲ್ಲಿ ನಾನು ಶಾಂತಕ್ಕನ ಬಾಗಿಲಲ್ಲಿ ನಿಂತಿದ್ದೆ. ಒಳಗಿನಿಂದ ಅವಳ ಮಗಳು ಬಂದು ಹೇಳಿದಳು: "ಅವ್ವ ಬಚ್ಚಲದಾಗ ಅದಾಳ್ರಿ."

ಅಷ್ಟರಲ್ಲಿ ಊರಿಗೆಲ್ಲ ಲಸಿಕೆ ಬೇಕಾಗಿ, ಲಸಿಕೆ ಊರಲ್ಲೇ ಇರಲಿಲ್ಲ. ನಸುಕಿನಲ್ಲೇ ಎದ್ದು ದವಾಖಾನೆಗೆ ಹೋದರೆ ಗೇಟಿನಿಂದ ರಸ್ತೆಯ ತಿರುವಿನವರೆಗೆ ಚಪ್ಪಲಿಗಳು ಸಾಲಾಗಿ ಪಾಳಿ ಹಚ್ಚಿರುತ್ತಿದ್ದವು. ಅವುಗಳ ಮಾಲೀಕರು ಗಿಡದ ನೆರಳಿನಲ್ಲಿ ಕೂತು ತಮ್ಮ ಚಪ್ಪಲಿ ಕಾಯುತ್ತಿದ್ದರು. ನಾನೂ ನನ್ನವನ್ನು ಬಿಟ್ಟು ಕೂತೆ. ಬಿಸಿಲೇರಿದ ಮೇಲೆ ಒಬ್ಬಾತ ಬಂದು 'ಇಂದು ಲಸಿಕೆ ಇಲ್ಲ' ಎಂಬ ಹಲಗೆ ತೂಗುಹಾಕಿದ. ಮರುದಿನವೂ ಅದೇ ಹಲಗೆ. ಮೂರನೆಯ ದಿನ ಹಲಗೆ ಇರಲಿಲ್ಲ. ನನ್ನ ಚಪ್ಪಲಿಯೂ ಇರಲಿಲ್ಲ. ಚಪ್ಪಲಿ ಇಲ್ಲದವರಿಗೆ ಪಾಳಿಯೂ ಇಲ್ಲವೆಂದು ಹಿಂದಿನವರೆಲ್ಲ ಒಮ್ಮತದಿಂದ ತೀರ್ಮಾನಿಸಿದರು. ಬರಿಗಾಲಲ್ಲಿ ಮನೆಗೆ ಬಂದೆ.

"ಗೌರಿ ಹೆಸರಿಟ್ರ ಏನಾತು? ಆಕಿನೂ ಅತ್ತಿನ ಅಲ್ಲೇನು?" ಎಂದರು ಮನೆಯವರು.

"ಆಕಿ ಸಣ್ಣಾಕಿ. ನಾ ದೊಡ್ಡಾಕಿ."

"ಅದು ಕೂಸಿಗೆ ತಿಳೀತೈತೇನು?"

ನಾನು ಜಗಳ ತೆಗೆದೆ. ನಿಜ ಹೇಳಬೇಕೆಂದರೆ, ನಮ್ಮ ಅವ್ವ ತೀರಿಕೊಂಡಾಗ ಮಹಾಂತೇಶ ಇನ್ನೂ ಶಾಲೆಯ ಮುಖ ನೋಡಿರಲಿಲ್ಲ. ಅವನಿಗೆ ನೀರೆರೆದು, ತಲೆ ಬಾಚಿ, ತುತ್ತು ಮಾಡಿ ಉಣಿಸಿ ಬೆಳೆಸಿದವಳು ನಾನು. ಅವನ ಕೂಸಿನ ಕಿವಿಗೆ ಅದರ ಹೆಸರು ನನ್ನ ಬಾಯಿಂದಲೇ ಬೀಳಬೇಕೆಂಬ ಆಸೆ ಹೊಟ್ಟೆಯೊಳಗಿಂದ ಇತ್ತು. ಹಾಗೆಂದು ಗಂಡನಿಗೆ ಹೇಳಲು ಹೋದರೆ ಅಳು ಬರುತ್ತಿತ್ತು. ಜಗಳ ಸುಲಭ.

ಕೊನೆಗೆ ಶಾಂತಕ್ಕನೇ ಮನಸ್ಸು ಕರಗಿ ಸುದ್ದಿ ಕಳಿಸಿದಳು. ಲಸಿಕೆ ಬಂದಿದೆ, ಕೂಡಲೇ ಬಾ. ತೊಟ್ಟಿಲಿನ ಹಿಂದಿನ ದಿನ! ಓಡಿದೆ. ಕತ್ತರಿ ಹಿಡಿಯುವ ಬಲಗೈಯನ್ನು ಉಳಿಸಿಕೊಂಡು ಎಡತೋಳು ಒಡ್ಡಿದೆ. ದಿನವಿಡೀ ಸೂಜಿಯೊಡನೆ ಬಾಳುವವಳಿಗೆ ಇನ್ನೊಂದು ಸೂಜಿ ಯಾವ ಲೆಕ್ಕ?

"ಇನ್ನ ನಂಗ ಏನೂ ಆಗಂಗಿಲ್ಲಲ್ರಿ ಸಿಸ್ಟರ್?"

"ಇದು ಮೈಗೆ ಹತ್ತಾಕ ಎರಡು ವಾರರ ಬೇಕ್ರಿ. ಆಮ್ಯಾಲೆ ಎರಡನೇದ್ದೂ ಮಾಡಿಸ್ಕೋಬೇಕು. ಮುಂದ ರೋಗ ಬಂದ್ರೂ ಜೋರಾಗೂದು ಕಡಿಮಿ, ಬರಂಗೇ ಇಲ್ಲ ಅನ್ನಾಕ ಆಗಂಗಿಲ್ಲ. ಮಾಸ್ಕ್ ತಗೀಬ್ಯಾಡ್ರಿ. ತೋಳು ನೋಯಬಹುದು, ಜ್ವರ ಬರಬಹುದು."

ಇಷ್ಟರಲ್ಲಿ ನನ್ನ ಕಿವಿಗೆ ಬಿದ್ದದ್ದು 'ಏನೂ ಆಗಂಗಿಲ್ಲ' ಎಂಬುದೊಂದೇ. ಅದನ್ನು ಹೇಳಿದ್ದು ಸಿಸ್ಟರ್ ಅಲ್ಲ, ನಾನು.

ಬೆಳಗಾಗುವಷ್ಟರಲ್ಲಿ ಮೈ ಬಿಸಿ, ತೋಳು ಕಲ್ಲು. ಹೊಸ ಇಳಕಲ್ ಸೀರೆಗೆಂದು ಒಪ್ಪವಾಗಿ ಹೊಲಿದಿಟ್ಟಿದ್ದ ಕುಬಸದ ತೋಳೊಳಗೆ ನನ್ನ ತೋಳು ಹೋಗಲೊಲ್ಲದು. ಊರ ಹೆಂಗಸರಿಗೆಲ್ಲ ಅಳತೆಗೆ ಸರಿಯಾಗಿ ಹೊಲಿದುಕೊಟ್ಟವಳು ನನ್ನದೇ ಕುಬಸದ ಎಡತೋಳು ಬಿಚ್ಚಿ, ಪಿನ್ನು ಚುಚ್ಚಿಕೊಂಡು ಬಸ್ ಹತ್ತಿದೆ. ಹುನಗುಂದ ದಾಟುವಷ್ಟರಲ್ಲಿ ಹೋಗುವವರು ಬರುವವರೆಲ್ಲ ಆ ತೋಳಿಗೇ ತಾಗಿ ಹೋದರು. ನಾನು ಹಲ್ಲು ಕಚ್ಚಿಕೊಂಡು ಮನಸ್ಸಿನಲ್ಲಿ ಹೆಸರು ಉರು ಹೊಡೆಯುತ್ತಿದ್ದೆ: ಸಮರ್ಥ, ಸಮರ್ಥ, ಸಮರ್ಥ. ಸ್ವಾಮಿಗಳು ನಕ್ಷತ್ರ ನೋಡಿ 'ಸ' ಅಕ್ಷರ ಕೊಟ್ಟಿದ್ದರು.

ಬಾದಾಮಿಯ ಮನೆಯ ಬಾಗಿಲಲ್ಲಿ ರೂಪಾಳ ಅಪ್ಪ ಜ್ವರ ನೋಡುವ ಯಂತ್ರ ಹಿಡಿದು ನಿಂತಿದ್ದರು. ನನ್ನ ಹಣೆಗೆ ಹಿಡಿದರು. ಅದು ಕೆಂಪಾಗಿ ಕೂಗಿಕೊಂಡಿತು. ಅವರು ಎರಡು ಹೆಜ್ಜೆ ಹಿಂದೆ ಸರಿದರು. ಅವರ ಹಿಂದೆ ಗೌರಿ ನಿಂತಿದ್ದಳು. ಮಾಸ್ಕಿನ ಮೇಲಿನ ಕಣ್ಣುಗಳಲ್ಲೇ ನಗು ಗೊತ್ತಾಗುತ್ತಿತ್ತು.

"ಅಕ್ಕಾ, ನೀ ಅಲ್ಲೇ ಕಟ್ಟಿ ಮ್ಯಾಲೆ ಕುಂದ್ರು. ನಾ ಹೆಸರಿಟ್ಟು ಬರ್ತೇನಿ."

ರೂಪಾ ಒಳಗಿನಿಂದಲೇ ವಿಚಾರಣೆ ನಡೆಸಿದಳು. "ಸೂಜಿ ಯಾವಾಗ ಮಾಡಿಸ್ಕೊಂಡ್ರಿ ಅಕ್ಕಾರ?"

"ನಿನ್ನಿ."

"ನಿನ್ನಿ ಮಾಡಿಸ್ಕೊಂಡ್ರ ಇವತ್ತ ಹೆಂಗ ಹತ್ತೀತ್ರಿ?"

"ಮಾಡಿಸ್ಕೊಂಡಿರಬೇಕು ಅಂದಿದ್ದಿ. ಹತ್ತಿರಬೇಕು ಅಂದಿರ್ಲಿಲ್ಲ."

ವಾದ ಗಟ್ಟಿಯಾಗಿತ್ತು. ಆದರೂ ಕಟ್ಟೆಯ ಮೇಲೆ ಕೂತೆ. ಆಗ ಮಹಾಂತೇಶ ಹೊರಗೆ ಬಂದ. ನನ್ನ ಪಿನ್ನು ಚುಚ್ಚಿದ ತೋಳು ನೋಡಿದ, ಮುಖ ನೋಡಿದ, ಒಳಗೆ ಹೋಗಿ ಹೆಂಡತಿಗೆ ಹೇಳಿದ್ದು ಹೊರಗೆ ಕೇಳಿಸಿತು. "ನನ್ನ ಮಗಗ ನಮ್ಮ ದೊಡ್ಡಕ್ಕನೇ ಹೆಸರಿಡ್ಬೇಕು. ಏನ್ ಮಾಡಬೇಕೊ ಮಾಡ್ರಿ." ನನಗೆ ಕಣ್ಣೀರು ಬಂತು. ಜ್ವರದಿಂದ ಬಂತೆಂದು ಗೌರಿಗೆ ಹೇಳಿದೆ.

ಮಾಡಬೇಕಾದ್ದನ್ನು ಮಾಡಿದರು. ದವಾಖಾನೆಗೆ ಕರೆದೊಯ್ದು ಮೂಗಿನೊಳಗೆ ಕಡ್ಡಿ ತಿರುಗಿಸಿ ಪರೀಕ್ಷೆ ಮಾಡಿಸಿದರು. ಕೊರೊನಾ ಇಲ್ಲ, ಇದು ಸೂಜಿಯದೇ ಜ್ವರ ಇರಬೇಕೆಂದರು ಡಾಕ್ಟರು. ವಾಪಸು ಬಂದೊಡನೆ ರೂಪಾ ನನಗೆ ಎರಡು ಮಾಸ್ಕು, ಅದರ ಮೇಲೆ ಒಂದು ಪ್ಲಾಸ್ಟಿಕ್ ಪರದೆ ತೊಡಿಸಿದಳು. ಆ ವೇಷದಲ್ಲಿ ನಾನು ತೊಟ್ಟಿಲಿನ ಹತ್ತಿರ ಹೋದೆ. ಕೂಸು ನನ್ನನ್ನು ನೋಡಿ ಅಳಲಿಲ್ಲ. ಮೊದಲನೇ ಭೇಟಿಯಲ್ಲೇ ಅಷ್ಟು ಧೈರ್ಯ ತೋರಿಸಿದ್ದಕ್ಕೆ ಅದಕ್ಕೆ ನಾನು ಇವತ್ತಿಗೂ ಋಣಿ.

ಮನೆಯ ಹೆಂಗಸರಷ್ಟೇ ಇದ್ದರು, ಅವರೂ ಬೆರಳೆಣಿಕೆ. ಗುದ್ದು ಕಡಿಮೆ ಬೀಳುತ್ತವೆಂದು ನನ್ನ ಲೆಕ್ಕ. ಒಂದನ್ನು ಮರೆತಿದ್ದೆ. ಒಂದೂವರೆ ವರ್ಷದಿಂದ ಊರಲ್ಲಿ ಮದುವೆಯಿಲ್ಲ, ಸೀಮಂತವಿಲ್ಲ, ತೊಟ್ಟಿಲಿಲ್ಲ. ಯಾರ ಬೆನ್ನೂ ಸಿಗದೆ ಇವರ ಕೈಗಳೆಲ್ಲ ಕಡಿಯುತ್ತಿದ್ದವು. ಸಾಲದ್ದಕ್ಕೆ ನಾನೇ ಒಳಗೆ ಬಂದ ಕೂಡಲೇ, "ಸೂಜಿ ಆಗೇತ್ರಿ ನಂಗ, ಈ ಕೈಗೆ" ಎಂದು ಎಲ್ಲರಿಗೂ ಹೆಮ್ಮೆಯಿಂದ ತೋಳು ತೋರಿಸಿದ್ದೆ.

ತೊಟ್ಟಿಲಿನೊಳಗೆ ಬಾಗಿ "ಕುರ್ರ್" ಅಂದೆ. ಮೊದಲ ಗುದ್ದು ಬೆನ್ನಿಗೆ ಬಿತ್ತು, ಪದ್ಧತಿಯ ಪ್ರಕಾರ. "ಸ..." ಎಂದು ಬಾಯಿ ತೆರೆದೆ. ಎರಡನೆಯದು ನೇರವಾಗಿ ಎಡತೋಳಿಗೆ ಬಿತ್ತು. ತನ್ನದಲ್ಲವೆಂದು ಗೌರಿ ಇವತ್ತಿಗೂ ಆಣೆ ಮಾಡುತ್ತಾಳೆ.

"ಸಾವಕಾಶ!" ಎಂದು ಚೀರಿದೆ.

ಮತ್ತೊಂದು ಬಿತ್ತು, ಅಲ್ಲಿಗೇ. "ಅಯ್ಯ, ಸಾವಕಾಶ!" ಇನ್ನೊಂದು ಬಿತ್ತು. "ಸಾವಕಾಶ ಅಂದೆ!"

ಅಲ್ಲಿಗೆ ಸರಿಯಾಗಿ ಮೂರು ಸಲ ಆಯಿತು. ಹೆಂಗಸರು ಕೈ ನಿಲ್ಲಿಸಿದರು. ರೂಪಾಳ ಅಜ್ಜಿ ಮೂಲೆಯಿಂದ ಕೇಳಿದರು, "ಏನಂತ ಇಟ್ಲು?"

"ಸಾವಕಾಶ ಅಂದ್ರಬೇ" ಎಂದಳು ಯಾರೋ.

"ಆಕಾಶ ಕೇಳೇನಿ, ಪ್ರಕಾಶ ಕೇಳೇನಿ. ಇದು ಹೊಸಾದು. ಅಕ್ಷರಾನೂ ಕೂಡೇತಿ. ಛಲೋ ಆತು ತಗೋ."

"ಅಲ್ರಿ, ಸಮರ್ಥ, ಸಮರ್ಥ" ಎಂದು ನಾನು ಬಡಕೊಂಡೆ. ಎರಡು ಮಾಸ್ಕು ಒಂದು ಪರದೆಯೊಳಗಿಂದ ಅದು ಹೊರಗೆ ಬರಲೇ ಇಲ್ಲ. ಚೀರುವಾಗ ಮಾತ್ರ ಅವು ಯಾವುದೂ ಅಡ್ಡ ಬಂದಿರಲಿಲ್ಲ. ಪರದೆ ತೆಗೆದು ಹೇಳುವಷ್ಟರಲ್ಲಿ ಸಕ್ಕರೆ ಹಂಚಿ ಮುಗಿದಿತ್ತು. ಒಮ್ಮೆ ಕಿವಿಗೆ ಹಾಕಿದ ಹೆಸರು ವಾಪಸು ತೆಗೆಯಲು ಬರುವುದಿಲ್ಲವೆಂದು ಅಜ್ಜಿ ತೀರ್ಪು ಕೊಟ್ಟರು.

ಶಾಲೆಯಲ್ಲಿ ಈಗ ಅವನ ಹೆಸರು ಸಮರ್ಥ. ಟೀಚರು ಹಾಗೆ ಕರೆದರೆ ಅವನು ಹಿಂದೆ ಯಾರಿದ್ದಾರೆಂದು ತಿರುಗಿ ನೋಡುತ್ತಾನೆ. ಮನೆಯಲ್ಲಿ, ಓಣಿಯಲ್ಲಿ, ಅಜ್ಜನ ಔಷಧ ಅಂಗಡಿಯಲ್ಲಿ ಅವನು ಸಾವಕಾಶನೇ. "ಸಾವಕಾಶಾ, ಲಗೂ ಓಡಿ ಬಾ" ಎಂದು ಅವನ ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಕೂಗಿದರೆ ಸುತ್ತಲಿನವರು ಏನು ಮಾಡಬೇಕೆಂದು ತಿಳಿಯದೆ ನಿಲ್ಲುತ್ತಾರೆ.

ನಾನು ಅಷ್ಟು ಹಟ ಹಿಡಿದು ಹೆಸರಿಟ್ಟ ಹುಡುಗನಿಗೆ ನಡೆಯುವುದೇ ಗೊತ್ತಿಲ್ಲ, ಬರೀ ಓಟ. ಕಟ್ಟೆ, ಮೆಟ್ಟಿಲು, ರಸ್ತೆ, ಎಲ್ಲ ಕಡೆ ಓಟ. ಮೊನ್ನೆ ರೂಪಾಳ ಫೋನು ಬಂತು.

"ಅಕ್ಕಾರ, ಓಡೂ ಹುಡುಗರಿಗೆ ಎಲ್ಲಾರೂ 'ಸಾವಕಾಶ' ಅಂತಾರ, ಅವು ನಿಲ್ತಾವ. ಇವಗ ಹಂಗ ಅಂದ್ರ ಕರದ್ರು ಅಂತ ತಿಳಕೊಂಡು ಇನ್ನೂ ಜೋರ ಓಡಿ ಬರ್ತಾನ. ಇವನ್ನ ನಿಲ್ಲಸಾಕ ಏನನ್ನೂಣ್ರಿ? ನೀವ ಹೇಳ್ರಿ."

ಕೇಳಿದ್ದು ಸರಿಯಾಗಿಯೇ ಇತ್ತು. ಓಡುವ ಮಗುವನ್ನು ನಿಲ್ಲಿಸಲು ನಮ್ಮ ಕಡೆ ಇದ್ದದ್ದು ಅದೊಂದೇ ಮಾತು, ಅದನ್ನು ನಾನು ಹೆಸರಿಗೆ ಖರ್ಚು ಮಾಡಿ ಕೂತಿದ್ದೇನೆ. ಬಚ್ಚಲಲ್ಲಿದ್ದೇನೆ ಎಂದು ಹೇಳಿ ಫೋನಿಟ್ಟೆ.