ಎಡೆಯಲ್ಲಿ ಹಸಿ ತರಕಾರಿ

ತೀರಿಕೊಂಡವರ ವಿಷಯದಲ್ಲಿ ಸುಳ್ಳು ಹೇಳುವುದು ಬಹಳ ಸುಲಭ. ತಿದ್ದಲು ಅವರು ಬರುವುದಿಲ್ಲ. ನಾನೂ ಒಂದು ಸುಳ್ಳು ಹೇಳಿದ್ದೇನೆ, ಅದೂ ಪಿತೃಪಕ್ಷದ ಅಮಾವಾಸ್ಯೆಯ ದಿನ, ಎಡೆಯ ಮುಂದೆ ಕೂತು. ಅದಕ್ಕೆ ಪಶ್ಚಾತ್ತಾಪವೇನೂ ಇಲ್ಲ. ಅಂಥ ಸಂದರ್ಭ ಬಂದರೆ ಮತ್ತೆ ಹೇಳುತ್ತೇನೆ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ಎರಡು ಪವರ್‌ಲೂಮ್ ಮಗ್ಗದ ಮನೆ. ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದೆ ನಾವು. ಆ ಸದ್ದಿನಲ್ಲಿ ಪ್ರೀತಿಯ ಮಾತನ್ನೂ ಜಗಳದ ಹಾಗೆ ಕೂಗಿ ಹೇಳಬೇಕು. ಹಾಗಾಗಿ ನಾನು ಅಂಥ ಮಾತನ್ನೇ ಬಿಟ್ಟಿದ್ದೆ. ನನ್ನ ಹೆಂಡತಿ ಗಿರಿಜ ಬಿಟ್ಟಿರಲಿಲ್ಲ. ಒಮ್ಮೆ ನಮ್ಮ ಸೀರೆ ಕೊಳ್ಳುವ ಬೆಂಗಳೂರಿನ ಸಾಹುಕಾರರ ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟಕ್ಕೆ ಮುಂಚೆ ಒಂದು ತಟ್ಟೆ ಬಂತು. ಸುತ್ತಲೂ ಬೆರಳುದ್ದಕ್ಕೆ ಹೆಚ್ಚಿದ ಹಸಿ ಕ್ಯಾರೆಟ್, ಸೌತೆಕಾಯಿ, ನವಿಲುಕೋಸು. ನಡುವೆ ಬಟ್ಟಲಲ್ಲಿ ಬೆಣ್ಣೆಯಂಥದೇನೋ. ಅಡುಗೆ ಇನ್ನೂ ಆಗಿಲ್ಲವೆಂದು ಹೀಗೆ ತಿಳಿಸುತ್ತಿದ್ದಾರೆ ಎಂದುಕೊಂಡೆ. ಗಿರಿಜ ಮಾತ್ರ ಮನೆಯಾಕೆಯ ಹಿಂದೆಯೇ ಹೋಗಿ, ತರಕಾರಿ ಅದ್ದಿ ತಿನ್ನುವ ಆ ಬಿಳಿಯದರ ಗುಟ್ಟನ್ನು ಕಲಿತು ಬಂದಳು.

ಗುಟ್ಟೆಂದರೆ ಮೊಸರು. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ, ಹಾಲಿನ ಕೆನೆ ಹಾಕಿ ಕಡೆದು, ಮೆಣಸಿನ ಪುಡಿ, ಕೊತ್ತಂಬರಿ ಸೊಪ್ಪು ಬೆರೆಸುವುದು. ಅವಳು ಮೊಸರಿನ ಗಂಟನ್ನು ಮಗ್ಗದ ಚೌಕಟ್ಟಿನ ಮೊಳೆಗೆ ನೇತುಹಾಕುತ್ತಿದ್ದಳು. ಮಗ್ಗದ ಕುಲುಕಾಟಕ್ಕೆ ಗಂಟೆಯೊಳಗೆ ನೀರೆಲ್ಲ ಕೆಳಗಿಟ್ಟ ಚೊಂಬಿಗೆ ಇಳಿದಿರುತ್ತಿತ್ತು. ಭಾನುವಾರ ತಟ್ಟೆ ತಂದು ಮುಂದೆ ಹಿಡಿದರೆ ನನ್ನದು ಒಂದೇ ಮಾತು: “ನಾನೇನು ದನಾನಾ?” ನನಗೆ ಬಿ.ಪಿ. ಇದೆ, ಉಪ್ಪು ಬಿಡಿ, ತರಕಾರಿ ತಿನ್ನಿ ಎಂದು ಡಾಕ್ಟರೂ ಹೇಳಿದ್ದರು. ಡಾಕ್ಟರ ಮಾತನ್ನೇ ಕೇಳದವನು ಹೆಂಡತಿಯ ಮಾತು ಕೇಳುತ್ತೇನೆಯೇ? ಅವಳೂ ಮಗಳೂ ನಗುತ್ತ ಕರಕರ ತಿಂದು ಮುಗಿಸುತ್ತಿದ್ದರು. ನಾನು ಏಳು ವರ್ಷ ಒಂದು ತುಂಡನ್ನೂ ಮುಟ್ಟಲಿಲ್ಲ.

ಈ ಬೇಸಿಗೆಯಲ್ಲಿ ಜ್ವರವೆಂದು ಮಲಗಿದ ಗಿರಿಜ ಎಂಟನೆಯ ದಿನ ಇರಲಿಲ್ಲ. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಹೋದವರಿಗೆ ಇಷ್ಟವಾದದ್ದನ್ನು ಪಿತೃಪಕ್ಷದಲ್ಲಿ ಎಡೆಗೆ ಇಡುವುದು ನಮ್ಮ ಪದ್ಧತಿ. ನಮ್ಮಪ್ಪನ ಎಡೆ ಬೀಡಿಕಟ್ಟಿಲ್ಲದೆ ಎಂದೂ ಆದದ್ದಿಲ್ಲ. ಗಿರಿಜಳಿಗೆ ಆ ತಟ್ಟೆಯನ್ನೇ ಇಡಬೇಕು, ನನ್ನ ಕೈಯಾರೆ ಮಾಡಿ ಇಡಬೇಕು ಎಂದು ಹಟ ಹಿಡಿದೆ. ಅಡುಗೆಗೆಂದು ಸಾಸಲು ಹಳ್ಳಿಯಿಂದ ಬಂದಿದ್ದ ನನ್ನ ಅಕ್ಕ ಒಪ್ಪಲಿಲ್ಲ.

“ಬೇಯಿಸ್ದೆ ಇರೋದನ್ನ ಎಡೆಗೆ ಇಡ್ತಾರೇನೋ?”

“ಅಪ್ಪನ ಬೀಡಿ ಬೇಯಿಸಿ ಇಡ್ತೀಯೇನಕ್ಕ?” ಎಂದೆ.

ಅಕ್ಕ ತಿರುಗಿ ಕೂತು ವಡೆ ತಟ್ಟತೊಡಗಿದಳು, ಸ್ವಲ್ಪ ಜೋರಾಗಿಯೇ.

ಮೊಸರು ಕಟ್ಟಿ ಅದೇ ಮೊಳೆಗೆ ಹಾಕಿದೆ. ಎರಡು ಗಂಟೆಯಾದರೂ ಗಂಟು ತೊಟ್ಟಿಕ್ಕುತ್ತಲೇ ಇತ್ತು. ಆಮೇಲೆ ಹೊಳೆಯಿತು: ಅಮಾವಾಸ್ಯೆ, ಮಗ್ಗಕ್ಕೆ ರಜೆ. ಮಜ್ಜಿಗೆಯಂಥದನ್ನು ಎಡೆಗಿಟ್ಟರೆ ಗಿರಿಜ ನೋಡಿ ನಗದೆ ಇರುತ್ತಾಳೆಯೇ? ಹಾಸಿನ ನೂಲು ಮುಗಿದು ಖಾಲಿಯಿದ್ದ ಆ ಮಗ್ಗದ ಸ್ವಿಚ್ ಹಾಕಿಬಿಟ್ಟೆ. ಕರೆಂಟೂ ಅಂದು ನನ್ನ ಕಡೆಗೇ ಇತ್ತು.

“ಲೇ ನಾಗಾ, ಅಮಾಸೆ ದಿನ ಮಗ್ಗ ಓಡಿಸ್ತೀಯಲ್ಲೋ, ತಲೆ ನೆಟ್ಟಗಿದ್ಯಾ?”

“ನೇಯ್ತಾ ಇಲ್ಲ ಕಣಕ್ಕ, ಮೊಸರು ಸೋಸ್ತಾ ಇದೀನಿ,” ಎಂದು ಕೂಗಿದೆ.

ಎದುರುಮನೆಯವರು ಬಾಗಿಲಿಗೆ ಬಂದು ನಿಂತು ನೋಡಿದರು. ನೋಡಲಿ ಎಂದು ಇನ್ನೂ ಹತ್ತು ನಿಮಿಷ ಓಡಿಸಿದೆ.

ಎಡೆಯದನ್ನು ಮೊದಲೇ ರುಚಿ ನೋಡುವಂತಿಲ್ಲ. ನೋಡಿದ್ದರೂ ನನಗೇನು ತಿಳಿಯುತ್ತಿತ್ತು? ಅದರ ಸರಿಯಾದ ರುಚಿ ನನ್ನ ನಾಲಿಗೆಗೆ ಗೊತ್ತಿದ್ದರೆ ತಾನೇ? ಮಗಳು ಸುಧಾಳನ್ನು ಕೇಳಬಹುದಿತ್ತು. ಕೇಳಿದರೆ ಏಳು ವರ್ಷದ ತಪ್ಪನ್ನು ಒಪ್ಪಿಕೊಂಡ ಹಾಗಾಗುತ್ತದೆಂದು ಕೇಳಲಿಲ್ಲ.

ಬಾಳೆಎಲೆಯ ಮೇಲೆ ಎಡೆಯಿಟ್ಟು, ಬಾಗಿಲು ಮುಂದೆ ಮಾಡಿ, ಎಲ್ಲರೂ ಹೊರಗೆ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತೆರೆದು, ಹಿರಿಯಳಾದ ಅಕ್ಕನೇ ಮೊದಲು ಒಂದು ಕ್ಯಾರೆಟ್ ಅದ್ದಿ ಬಾಯಿಗಿಟ್ಟುಕೊಂಡಳು. ಬಹಳ ಹೊತ್ತು ಅಗಿದಳು.

“ಉಪ್ಪೇ ಇಲ್ವಲ್ಲೋ.”

“ಅವಳು ಉಪ್ಪು ಹಾಕ್ತಾನೇ ಇರ್ಲಿಲ್ಲ,” ಎಂದೆ. ಉಪ್ಪು ಮರೆತಿದ್ದವನು ನಾನು. ಅದೇ ಆ ಸುಳ್ಳು.

ಸುಧಾ ನನ್ನ ಮುಖ ನೋಡಿದಳು. “ಅಮ್ಮ ಹಾಕ್ತಿತ್ತು ಅಪ್ಪ. ಮೊದ್ಲು ಉಪ್ಪಿಲ್ದೆ ನಿನ್ ಹತ್ರ ತರ್ತಿತ್ತು, ನಿಂಗೆ ಬಿ.ಪಿ. ಅಂತ. ನೀನು ಬೇಡ ಅಂದ್ಮೇಲೆ ಒಳಗೆ ಬಂದು ನಮಗೆ ಹಾಕ್ತಿತ್ತು.”

ಅಕ್ಕ ಉಪ್ಪಿನ ಡಬ್ಬಿಯನ್ನು ನನ್ನ ಕಡೆಗೆ ತಳ್ಳಿದಳು. ಬೇಡವೆಂದು ತಟ್ಟೆಯನ್ನು ಮುಂದಕ್ಕೆ ಎಳೆದುಕೊಂಡೆ. ಕ್ಯಾರೆಟ್ಟು, ಸೌತೆಕಾಯಿ, ನವಿಲುಕೋಸು, ಒಂದೂ ಬಿಡದೆ ತಿಂದೆ. ಬಟ್ಟಲನ್ನು ಬೆರಳಿನಿಂದ ಬಳಿದೆ. ತಲೆಯೆತ್ತಿ ನೋಡಿದರೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಬಾಳೆಎಲೆ ಬಿಟ್ಟಿರಪ್ಪ,” ಎಂದಳು, “ಅದನ್ನೂ ಮೇದ್ಬಿಟ್ಟೀಯ.”