ಶಾಲೆಗೆ ಸೂಜಿ ಬಂದ ಸುದ್ದಿ

ಮಕ್ಕಳಿಗೆ ಪಾಠ ಹೇಳುವುದು ಬಲು ಕಷ್ಟ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತದೆ. ಪಾಪ, ಆ ಮಕ್ಕಳ ಮನೆಗೆ ಒಂದು ಸುದ್ದಿ ಮುಟ್ಟಿಸುವ ಕೆಲಸ ಅವರ ಪಾಲಿಗೆ ಬಂದಿರಲಿಕ್ಕಿಲ್ಲ. ಅಕ್ಷರ ತಿದ್ದಿಸಬಹುದು, ಮಗ್ಗಿ ಬಾಯಿಪಾಠ ಮಾಡಿಸಬಹುದು, ಅಳುವವನ ಮೂಗು ಒರೆಸಿ ಸಾಲಿನಲ್ಲಿ ಕೂಡಿಸಬಹುದು. ಆದರೆ "ನಾಳೆಯಿಂದ ಶಾಲೆ ಮುಂಜಾನೆ ಇರುತ್ತದೆ" ಎಂಬ ಅಷ್ಟೇ ಅಷ್ಟು ಮಾತು ಶಾಲೆಯ ಬಾಗಿಲು ದಾಟಿ, ಓಣಿ ಹಾಯ್ದು, ರೊಟ್ಟಿ ಬಡಿಯುತ್ತ ಕುಳಿತ ತಾಯಿಯ ಕಿವಿಗೆ ಇದ್ದಂತೆಯೇ ಹೋಗಿ ಬೀಳುವಂತೆ ಮಾಡುವ ವಿದ್ಯೆಯನ್ನು ನಮಗೆ ಟ್ರೇನಿಂಗಿನಲ್ಲಿ ಯಾರೂ ಕಲಿಸಿರಲಿಲ್ಲ. ಕಲಿಸಿದ್ದರೆ ನನ್ನ ತಲೆಗೂದಲು ಇಷ್ಟು ಬೇಗ ಬೆಳ್ಳಗಾಗುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ದೇವಣಗಾಂವದ ಹತ್ತಿರದ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿದ್ದೆ. ಯಜಮಾನರು ಸಾಲೋಟಗಿಯಲ್ಲಿ ಗಣಿತದ ಮಾಸ್ತರು. ಒಂದೇ ಊರಿಗೆ ವರ್ಗ ಮಾಡಿಕೊಡಿರೆಂದು ಇಬ್ಬರೂ ಅರ್ಜಿ ಹಾಕಿ ಹಾಕಿ ಸಾಕಾಗಿ, ಶನಿವಾರ ಮಧ್ಯಾಹ್ನದಿಂದ ಸೋಮವಾರ ಮುಂಜಾನೆಯವರೆಗೆ ಮಾತ್ರ ಸಂಸಾರ ಮಾಡುತ್ತಿದ್ದೆವು. ನಮ್ಮ ಶಾಲೆಯಲ್ಲಿ ಹೆಡ್‌ಮಾಸ್ತರರು ಒಬ್ಬರು, ನಾನೊಬ್ಬಳು. ಹೆಡ್‌ಮಾಸ್ತರರು ದೇವರಂಥ ಮನುಷ್ಯ. ಆದರೆ ಮೇಲಿನಿಂದ ಏನೇ ಆದೇಶ ಬರಲಿ, ಅದನ್ನು ಓದಿ ಮಡಚಿ ನನ್ನ ಕೈಗಿಟ್ಟು, "ಪಾಲಕರಿಗೆ ತಿಳಿಸಿಬಿಡ್ರಿ ಅಕ್ಕಾರ. ಹೆಣ್ಣುಮಕ್ಕಳ ಮಾತು ಸೀದಾ ಅಡಗಿಮನಿಗೇ ಹೋಗ್ತದ" ಎಂದು ಹೇಳಿ ಅಡಕೆ ಕತ್ತರಿಸುತ್ತ ಕುಳಿತುಬಿಡುತ್ತಿದ್ದರು.

ಮಾತು ಅಡುಗೆಮನೆಗೆ ಹೋಗುತ್ತಿತ್ತೆಂಬುದು ನಿಜ. ಒಮ್ಮೆ ಪಾಲಕರ ಸಭೆ ಕರೆಯಬೇಕಾಗಿ ಬಂತು. "ನಾಳೆ ಎಲ್ಲಾರೂ ಪಾಲಕರನ್ನ ಕರ್ಕೊಂಡು ಬರ್ರಿ" ಎಂದು ಮಕ್ಕಳಿಗೆ ಹೇಳಿ ಕಳಿಸಿದೆ. ಮರುದಿನ ಅರ್ಧಕ್ಕರ್ಧ ಮಕ್ಕಳು ಒಂದೊಂದು ಸಿವುಡು ಪಾಲಕ ಪಲ್ಯೆ ಹಿಡಿದುಕೊಂಡು ಬಂದು ಮೇಜಿನ ಮೇಲೆ ಒಟ್ಟಿದವು. ಮನೆಯಲ್ಲಿ ಬೆಳೆಯದವರು ಪುಂಡಿಪಲ್ಯೆ ಕಳಿಸಿ, ಪಾಲಕ ಸಿಗಲಿಲ್ಲ, ಇದರಲ್ಲೇ ಸುಧಾರಿಸಿಕೊಳ್ಳಬೇಕೆಂದು ಹೇಳಿಸಿದ್ದರು. ತಂದೆತಾಯಿ ಎಂದು ಬಾಯಿತುಂಬ ಹೇಳುವುದನ್ನು ಬಿಟ್ಟು ಆದೇಶದಲ್ಲಿದ್ದ ಶಬ್ದವನ್ನೇ ಗಿಣಿಯ ಹಾಗೆ ಒಪ್ಪಿಸಿದ ನನ್ನ ಬುದ್ಧಿಗೆ ಏನೆನ್ನಬೇಕು? ಹೆಡ್‌ಮಾಸ್ತರರ ಮನೆಯಲ್ಲಿ ಮಾತ್ರ ಆ ವಾರವೆಲ್ಲ ಎರಡೂ ಹೊತ್ತು ಪಲ್ಯೆ.

ಇದು ನಕ್ಕು ಮರೆಯುವಂಥದ್ದು. ನಗಲಾಗದ ಪ್ರಸಂಗ ಬಂದದ್ದು ಆ ವರ್ಷದ ಬೇಸಿಗೆಯ ಮೊದಲಿಗೆ. ಭೀಮಾ ಹೊಳೆಯ ದಂಡೆಯ ಇನ್ನೊಂದು ಊರಲ್ಲಿ ವಾಂತಿಭೇದಿ ಕಾಣಿಸಿಕೊಂಡು, ಓದುವ ವಯಸ್ಸಿನ ಮಗುವೊಂದು ತೀರಿಕೊಂಡಿತು. ನಾವು ಕುಡಿಯುವುದೂ ಅದೇ ಹೊಳೆಯ ನೀರು. ಶಾಲೆಯ ಮಕ್ಕಳಿಗೆಲ್ಲ ಕಾಲರಾ ಸೂಜಿ ಮಾಡುತ್ತಾರೆ, ಸಿಂದಗಿಯಿಂದ ನರ್ಸಬಾಯಿ ಬಂದು ಎರಡು ದಿನ ಇರುತ್ತಾರೆ, ಪಾಲಕರಿಗೆ ಮೊದಲೇ ತಿಳಿಸಿರಬೇಕು ಎಂದು ಹೇಳಿಕೆ ಬಂತು. ಹೆಡ್‌ಮಾಸ್ತರರು ಓದಿ, ಮಡಚಿ, ನನ್ನ ಕೈಗಿಟ್ಟರು.

ಈ ಸಲ ನಾನು ಜಾಣಳಾಗಿದ್ದೆ. ಶಾಲೆಯ ಹೊರಗೋಡೆಯ ಮೇಲೆ ಸುಣ್ಣದಲ್ಲಿ ದಪ್ಪಗೆ, "ಬುಧವಾರ ಎಲ್ಲ ಮಕ್ಕಳಿಗೂ ಸೂಜಿ ಮಾಡಲಾಗುವುದು" ಎಂದು ಬರೆಸಿದೆ. ಓದಲು ಬರುವವರು ಬಾರದವರಿಗೆ ಹೇಳಲಿ ಎಂಬ ಎಣಿಕೆ. ಅದೇ ಗೋಡೆಯ ಮೇಲೆ ಹೋದ ತಿಂಗಳಷ್ಟೇ ಯಾರೋ ಬಂದು ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆದು ಹೋಗಿದ್ದರೆಂಬುದು, ದಿನಾ ಅದರ ಕೆಳಗೇ ಹಾಯ್ದುಹೋಗುವ ನನ್ನ ಕಣ್ಣಿಗೆ ಬೀಳದೆ ಹೋಯಿತು. ಆಗ ಎಲ್ಲಿ ನೋಡಿದರೂ ಆಪರೇಷನ್ನಿನದೇ ಮಾತು. ಹಿಡಿದೊಯ್ದು ಆಪರೇಷನ್ ಮಾಡಿಬಿಟ್ಟಾರೆಂದು ಗಂಡಸರು ಸಂತೆಗೆ ಹೋಗಲೂ ಹೆದರುವ ಕಾಲ. ಮೇಲೆ ಕೆಂಪು ತ್ರಿಕೋನ, ಕೆಳಗೆ ಮಕ್ಕಳಿಗೆ ಸೂಜಿ. ಓದಲು ಬರುವವರು ಬಾರದವರಿಗೆ ಎರಡನ್ನೂ ಕೂಡಿಸಿ ಹೇಳಿದರು.

ಮರುದಿನ ಶಾಲೆಯಲ್ಲಿ ಹೆಡ್‌ಮಾಸ್ತರರ ಇಬ್ಬರು ಮಕ್ಕಳನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇಲ್ಲ. ಕಾರಣ ಕೇಳಿದರೆ ಯಾರೂ ಬಾಯಿ ಬಿಡಲೊಲ್ಲರು. ಕೊನೆಗೆ ನೀರಿಗೆ ಹೊರಟ ಒಬ್ಬಾಕೆಯನ್ನು ಅಡ್ಡಗಟ್ಟಿದೆ. "ಸೂಜಿ ಮಾಡಿದ್ರ ಮುಂದ ಹುಡುಗೂರಿಗೆ ಮಕ್ಕಳ ಆಗಂಗಿಲ್ಲಂತಲ್ರಿ" ಎಂದು ಸೆರಗು ಬಾಯಿಗೆ ಹಿಡಿದು ಹೇಳಿ ಓಡಿದಳು.

ನನಗೆ ಮೈಯೆಲ್ಲ ಉರಿಯಿತು. ಡಂಗುರ ಸಾರಿಸಿಬಿಡೋಣ ಎಂದುಕೊಂಡೆ. ಊರಲ್ಲಿ ಡಂಗುರ ಸಾರುವವನು ಯಮನಪ್ಪ. ಅವನನ್ನು ಕೂಡಿಸಿಕೊಂಡು, ಇದು ವಾಂತಿಭೇದಿ ಬಾರದಿರಲೆಂದು ಮಾಡುವ ಸೂಜಿ, ಇದರಿಂದ ಬೇರೇನೂ ಆಗುವುದಿಲ್ಲ, ಮಕ್ಕಳನ್ನು ಕಳಿಸಿ ಎಂದು ಬಾಯಿಪಾಠ ಮಾಡಿಸಿದೆ. ಯಮನಪ್ಪ ಒಂದಕ್ಷರ ತಪ್ಪದೆ ಒಪ್ಪಿಸಿದ. ಆದರೆ ಅವನ ಬಾಯಿಗೆ ವರ್ಷಗಟ್ಟಲೆ ಕಂದಾಯದ ಡಂಗುರ ರೂಢಿಯಾಗಿತ್ತು. ಊರ ಅಗಸಿ ಬಾಗಿಲ ಮುಂದೆ ನಿಂತು ನನ್ನ ಮಾತನ್ನೆಲ್ಲ ಚೊಕ್ಕಾಗಿ ಹೇಳಿದವನು, ಕೊನೆಗೊಂದು ಪೆಟ್ಟು ಜೋರಾಗಿ ಬಾರಿಸಿ, "ತಪ್ಪಿದವರ ಮನಿ ಜಪ್ತಿ ಆಗತೈತ್ರಪೋ" ಎಂದುಬಿಟ್ಟ. ಸಂಜೆಯ ಬಸ್ಸಿಗೆ ಎಷ್ಟೋ ತಾಯಂದಿರು ಮಕ್ಕಳನ್ನು ಎಳೆದುಕೊಂಡು ತವರುಮನೆಗೆ ಹೊರಟು ನಿಂತಿದ್ದರು.

ನಾನು ಬಸ್ಸಿನ ಬಾಗಿಲಿಗೆ ಅಡ್ಡ ನಿಂತು ಗಂಟಲು ಹರಿಯುವಂತೆ ಕೂಗಿದೆ. ಯಾರೂ ಕೇಳಲಿಲ್ಲ. ಆಗ ಅವರಲ್ಲೇ ಒಬ್ಬಳು, "ಗುರುಬಸವ್ವಜ್ಜಿ ಹೂಂ ಅಂದ್ರ ನಾವೂ ಹೂಂ ಅಂತೇವ್ರಿ" ಎಂದಳು. ಗುರುಬಸವ್ವ ಎಂದರೆ ದೊಡ್ಡ ಒಕ್ಕಲುತನದ ಮನೆಯ ಹಿರಿಯಳು. ಅವಳ ಕಿರಿಯ ಮಗನ ಮಗ ನನ್ನ ಒಂದನೆಯ ಇಯತ್ತೆಯಲ್ಲಿದ್ದ. ಊರಿನ ಹೆಂಗಸರಿಗೆ ಅವಳ ಮಾತೆಂದರೆ ಮಾತು. ನೇರವಾಗಿ ಅವಳ ಮನೆಗೇ ನಡೆದೆ.

ಅಜ್ಜಿ ಪಡಸಾಲೆಯಲ್ಲಿ ಕುಳಿತು ಶೇಂಗಾ ಒಡೆಯುತ್ತಿದ್ದಳು. ಹಿರಿಯ ಸೊಸೆ ಶಾಂತವ್ವ ನನಗೆ ಚಹಾ ತಂದಿಟ್ಟು ಬಾಗಿಲ ಮರೆಗೆ ನಿಂತಳು. ನಾನು ರೋಗಾಣು, ನೀರು, ನೊಣ ಎಲ್ಲವನ್ನೂ ವಿವರಿಸಿದೆ. ಅಜ್ಜಿ ಪೂರಾ ಕೇಳಿಸಿಕೊಂಡಳು.

"ರೋಗ ಬಂದವರಿಗೆ ಔಷಧ ಕೊಡ್ತಾರ. ಆರಾಮ ಇದ್ದ ಕೂಸಿಗೆ ಎದಕ ಸೂಜಿ?" ಎಂದಳು.

"ಮುಂದ ಬರಬಾರದಂತ, ಅಜ್ಜಿ."

"ಅದನ್ನ ನಾನೂ ಅನ್ನಾಕತ್ತೇನಿ. ಮುಂದ ಮಕ್ಕಳ ಬರಬಾರದಂತ."

"ಮಕ್ಕಳಲ್ಲಜ್ಜಿ, ರೋಗ! ರೋಗ ಬರಬಾರದಂತ!"

"ಹಂಗಿದ್ರ ಮೊದಲ ನೀವು ಮಾಡಿಸ್ಕೊರ್ರಿ. ನೋಡೂಣು."

ಸಿಟ್ಟು ನೆತ್ತಿಗೇರಿತ್ತು. "ಆತು, ಎಲ್ಲಾರ ಮುಂದ ನಾನ ಮೊದಲ ಮಾಡಿಸ್ಕೋತೇನಿ. ಊರ ಮಂದೀನ್ನೆಲ್ಲಾ ಕರ್ಕೊಂಡು ಬರ್ರಿ" ಎಂದು ಎದ್ದು ಬಂದುಬಿಟ್ಟೆ. ಓಣಿಯ ತಿರುವಿಗೆ ಬಂದಾಗಲೇ ನಾನು ಒಪ್ಪಿಕೊಂಡದ್ದು ಏನೆಂದು ಹೊಳೆದದ್ದು. ಸೂಜಿ ಎಂದರೆ ನನಗೆ ಹಾವು ಕಂಡಂತೆ. ಮದುವೆಗೆ ಮುಂಚೆ ಒಮ್ಮೆ ದವಾಖಾನೆಯಲ್ಲಿ ಸೂಜಿಯನ್ನು ಕುದಿಸುವುದು ನೋಡಿಯೇ ಜ್ವರ ಬಿಟ್ಟುಹೋಗಿತ್ತು.

ಬುಧವಾರ ಶಾಲೆಯ ಅಂಗಳ ತುಂಬಿಹೋಯಿತು. ಮಕ್ಕಳನ್ನು ಬಗಲಲ್ಲಿ ಗಟ್ಟಿಯಾಗಿ ಅವುಚಿಕೊಂಡು ಹೆಂಗಸರೆಲ್ಲ ನನ್ನ ತಮಾಷೆ ನೋಡಲು ಬಂದಿದ್ದರು. ಮುಂದಿನ ಸಾಲಿನಲ್ಲಿ ಗುರುಬಸವ್ವ. ನರ್ಸಬಾಯಿ ಸ್ಪಿರಿಟ್ ಹಚ್ಚಿ ಚುಚ್ಚಿದರು. ನಾನು ಹಲ್ಲು ಕಚ್ಚಿ, ಮುಖದ ತುಂಬ ನಗೆ ತಂದುಕೊಂಡು, "ನೋಡ್ರಿ, ಏನೂ ಆಗಂಗಿಲ್ಲ" ಎಂದೆ. ಅಷ್ಟಂದದ್ದು ನೆನಪಿದೆ. ಆಮೇಲೆ ಅಂಗಳ ತಿರುಗಿತು, ಹೊಟ್ಟೆ ತೊಳಸಿತು, ಪಕ್ಕದಲ್ಲಿದ್ದ ಹೆಡ್‌ಮಾಸ್ತರರ ಹೊಸ ಧೋತರದ ಮೇಲೆ ಮುಂಜಾನೆಯ ಉಪ್ಪಿಟ್ಟನ್ನೆಲ್ಲ ಕಾರಿಕೊಂಡು ನಾನು ಕುಸಿದೆ.

"ಅಕ್ಕಾರು ಹೋದ್ರಲ್ಲವ್ವೋ!" ಎಂದು ಒಬ್ಬಳು ಕಿರುಚಿದ್ದೇ ತಡ, ಅಂಗಳ ಖಾಲಿ.

ಕಣ್ಣು ಬಿಟ್ಟಾಗ ತರಗತಿಯ ಜಮಖಾನೆಯ ಮೇಲಿದ್ದೆ. ನರ್ಸಬಾಯಿ ನಾಡಿ ಹಿಡಿದು ಕುಳಿತಿದ್ದರು. ಕಿಟಕಿಯಲ್ಲಿ ಗುರುಬಸವ್ವನ ಮುಖ. ಎಲ್ಲರೂ ಓಡಿದರೂ ಆಕೆ ಜಾಗ ಬಿಟ್ಟಿರಲಿಲ್ಲ. ನರ್ಸಬಾಯಿ ನನ್ನ ಕಿವಿಯ ಹತ್ತಿರ ಬಾಗಿ ಗುಟ್ಟಾಗಿ ಕೇಳಿದರು. ಗುಟ್ಟೆಂದರೆ ಅವರ ಗುಟ್ಟು; ದಿನಾ ಕಿವುಡು ಮುದುಕರ ಜೊತೆ ಮಾತಾಡಿ ಅಭ್ಯಾಸವಾದ ಗಂಟಲು. "ಹೊರಗ ಕೂತು ಎಷ್ಟ ದಿವಸಾತ್ರಿ?"

ನಾನು ಲೆಕ್ಕ ಹಾಕಿದೆ. ಮತ್ತೊಮ್ಮೆ ಹಾಕಿದೆ. ಇತ್ತೀಚೆಗೆ ಮುಂಜಾನೆ ಹೊಟ್ಟೆ ತೊಳಸುತ್ತಿದ್ದದ್ದು ಪಾಲಕರ ಮೇಲಿನ ಬೇಸರದಿಂದ ಎಂದೇ ತಿಳಿದಿದ್ದೆ.

"ಎರಡ ತಿಂಗಳಾದ್ವು" ಎಂದೆ.

"ಅಯ್ಯ, ಮೊದಲ ಹೇಳಬಾರದೇನ್ರಿ! ಅಂಜಬ್ಯಾಡ್ರಿ, ಈ ಸೂಜಿಯಿಂದ ಏನೂ ಆಗಂಗಿಲ್ಲ. ಬಸರಿದ್ದೀರಿ, ಅದಕ್ಕ ತಲಿ ತಿರುಗೇತಿ" ಎಂದು ನರ್ಸಬಾಯಿ ಅದೇ ಗುಟ್ಟಿನ ದನಿಯಲ್ಲಿ ಹೇಳಿದರು. ಕಿಟಕಿಯಲ್ಲಿದ್ದ ಮುಖ ಮಾಯವಾಯಿತು.

ಮದುವೆಯಾಗಿ ಐದು ವರ್ಷವಾಗಿತ್ತು. ಮಕ್ಕಳ ವಿಷಯ ಯಾರೂ ಕೇಳದಿರಲೆಂದು ನಾವಿಬ್ಬರೂ ಮಾತು ತೇಲಿಸಿ ತೇಲಿಸಿ ಅದನ್ನೇ ರೂಢಿ ಮಾಡಿಕೊಂಡಿದ್ದೆವು. ಅಂದು ಮಧ್ಯಾಹ್ನ ಖಾಲಿ ತರಗತಿಯಲ್ಲಿ, ಗೋಡೆಯ ನಕಾಶೆಯ ಕಡೆ ಮುಖ ಮಾಡಿ ಬಹಳ ಹೊತ್ತು ಅತ್ತೆ. ಆ ಅಳು ಸಂತೋಷಕ್ಕೂ ಇತ್ತು. ಊರಿನ ಮಕ್ಕಳಿಗೆ ಇನ್ನು ಯಾರೂ ಸೂಜಿ ಮಾಡಿಸಲಾರರಲ್ಲ, ಹೊಳೆಯ ನೀರು ಅದೇ ಅಲ್ಲವೇ ಎಂಬ ಹೆದರಿಕೆಗೂ ಇತ್ತು.

ಮರುದಿನ ಮುಂಜಾನೆ ಶಾಲೆಯ ಬೀಗ ತೆಗೆಯಲು ಹೋದರೆ, ಬಾಗಿಲಿನಿಂದ ಅಗಸಿಯವರೆಗೆ ಸಾಲು. ಮಕ್ಕಳು, ತಾಯಂದಿರು, ಅವರ ಹಿಂದೆ ಶಾಲೆಗೆ ಏನೇನೂ ಸಂಬಂಧವಿಲ್ಲದ ಹೊಸ ಸೊಸೆಯರು. ಗುರುಬಸವ್ವ ತಾನೇ ನಿಂತು ಸಾಲು ಸರಿಮಾಡುತ್ತಿದ್ದಳು.

"ಐದ ವರ್ಷದಾಗ ಆಗದ್ದು ಒಂದ ಸೂಜಿಗೆ ಆತು ನೋಡ್ರೆವ್ವ" ಎಂದು ಎಲ್ಲರಿಗೂ ಸಾರುತ್ತಿದ್ದಳು.

"ಅಜ್ಜಿ, ಸೂಜಿ ಮಾಡಿದ್ದು ನಿನ್ನಿ. ನನಗ ಆಗಲೇ ಎರಡ ತಿಂಗಳಾಗ್ಯಾವ!"

"ಅದನ್ನ ಅಂತೇನಿ! ಅಷ್ಟ ಜೋರ ಐತಿ ಆ ಸೂಜಿ!"

"ಇದು ಬರೇ ವಾಂತಿಭೇದಿ ಸೂಜಿ, ಅಜ್ಜಿ. ಇದರಿಂದ ಮಕ್ಕಳ ಆಗಂಗಿಲ್ಲ!" ಎಂದು ಕೂಗಿದೆ. ಹಾಗೆ ಕೂಗಿದೊಡನೆ ಹಿಂದಿನ ಸಾಲಿನಲ್ಲಿ ಗುಸುಗುಸು ಶುರುವಾಯಿತು. "ಆಗಂಗಿಲ್ಲ ಅಂತಾರಲ್ಲೇ!" ನಾನು ಬಾಯಿ ಮುಚ್ಚಿಕೊಂಡೆ. ಹೆಡ್‌ಮಾಸ್ತರರು ನನ್ನನ್ನು ಪಕ್ಕಕ್ಕೆ ಕರೆದು ಕೈಮುಗಿದು, "ಅಕ್ಕಾರ, ದಯಮಾಡಿ ಇವತ್ತೊಂದ ದಿವಸ ಏನೂ ತಿಳಿಸಿ ಹೇಳಬ್ಯಾಡ್ರಿ" ಎಂದರು.

ಆದರೂ ಸಾಲಿನ ತುದಿಯಲ್ಲಿ ಶಾಂತವ್ವ ನಿಂತದ್ದನ್ನು ಕಂಡು ನನಗೆ ಸುಮ್ಮನಿರಲಾಗಲಿಲ್ಲ. ಅವಳಿಗೂ ಮಕ್ಕಳಿರಲಿಲ್ಲ. ಬದಿಗೆ ಕರೆದು ಮೆಲ್ಲಗೆ, "ಶಾಂತವ್ವ, ಮಂದಿ ಅನ್ನೂದು ಸುಳ್ಳ. ಸುಮ್ಮನ ಆಶಾ ಇಟ್ಕೋಬ್ಯಾಡವ್ವ" ಎಂದೆ.

ಅವಳು ತಲೆ ತಗ್ಗಿಸಿದಳು. "ನನಗೂ ತಿಳೀತೈತ್ರಿ ಅಕ್ಕಾರ. ಇಷ್ಟ ವರ್ಷ ಅತ್ತಿ ನನ್ನನ್ನ ಬರೇ ಹರಕಿಗೆ ಕಳಿಸಿದ್ರು. ದವಾಖಾನಿ ಮಂದಿ ಕಡೆ ಹೋಗು ಅಂತ ಅಂದದ್ದು ಇವತ್ತ ಮೊದಲ. ನರ್ಸಬಾಯಿ ಮುಂದ ನಂದೊಂದ ಮಾತ ಹೇಳ್ರಿ, ಅಷ್ಟ ಸಾಕು."

ಹೇಳಿದೆ. ನರ್ಸಬಾಯಿ ಅವಳನ್ನು ಒಳಗೆ ಕೂಡಿಸಿಕೊಂಡು ಮಾತಾಡಿದರು. ನನ್ನ ಬೇಡಿಕೆಯ ಮೇರೆಗೆ, ಕಿಟಕಿ ಮುಚ್ಚಿ. ಮುಂದಿನ ಸಂತೆಯ ದಿನ ಗಂಡ ಹೆಂಡತಿ ಇಬ್ಬರೂ ಸಿಂದಗಿಯ ದವಾಖಾನೆಗೆ ಹೋಗುವುದೆಂದು ಮಾತಾಯಿತು. ಗುರುಬಸವ್ವ ತಾನೇ ಮಗನಿಗೆ, "ನೀನೂ ಹೋಗ್ಬೇಕ" ಎಂದು ಗದರಿಸಿದಳಂತೆ.

ಆ ದಿನ ಶಾಲೆಯ ಒಂದು ಮಗುವೂ ತಪ್ಪದಂತೆ ಎಲ್ಲರಿಗೂ ಸೂಜಿಯಾಯಿತು. ಅಂಜಿ ತವರಿಗೆ ಹೋದವರೂ ಸುದ್ದಿ ಕೇಳಿ ಮಧ್ಯಾಹ್ನದ ಬಸ್ಸಿಗೆ ತಿರುಗಿ ಬಂದಿದ್ದರು. ಆ ಬೇಸಿಗೆ ನಮ್ಮ ಊರಿಗೆ ರೋಗ ಬರಲಿಲ್ಲ. ಪಾಲಕರಿಗೆ ಯೋಗ್ಯ ತಿಳಿವಳಿಕೆ ನೀಡಿದ್ದರಿಂದ ಕೆಲಸ ಪೂರ್ಣಗೊಂಡಿತೆಂದು ಹೆಡ್‌ಮಾಸ್ತರರು ಮೇಲಕ್ಕೆ ಬರೆದರು. ನಾನು ಓದಿ, ಮಡಚಿ, ಅವರ ಕೈಗೇ ಮರಳಿ ಇಟ್ಟೆ. ಅವರ ಧೋತರ ಇನ್ನೂ ಅಗಸರ ಮನೆಯಿಂದ ಬಂದಿರಲಿಲ್ಲ.

ಶನಿವಾರ ಸಾಲೋಟಗಿಗೆ ಹೊರಟೆ. ಬಸ್ಸಿನ ಕಿಟಕಿಯ ಬದಿಗೆ ಕುಳಿತು, ಯಜಮಾನರಿಗೆ ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡೆ. ಮೊದಲು ಕೈಕಾಲು ತೊಳೆದುಕೊಳ್ಳುವುದು, ಚಹಾ ಮಾಡುವುದು, ಕಪ್ಪು ಕೈಗೆ ಕೊಡುವಾಗ ಸಹಜವೆಂಬಂತೆ ಹೇಳುವುದು. ಇದೊಂದು ಸುದ್ದಿಯಾದರೂ ನನ್ನ ಬಾಯಿಂದ ಸರಿಯಾಗಿ ಹೊರಟು, ಸರಿಯಾಗಿ ಒಂದು ಕಿವಿಗೆ ಮುಟ್ಟಲಿ ಎಂಬ ಆಸೆ.

ಬಸ್ಸು ನಿಂತಿತು. ಎಂದೂ ಬಸ್ ಸ್ಟ್ಯಾಂಡಿಗೆ ಬಾರದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಯಲ್ಲಿ ಪೇಡೆಯ ಪೊಟ್ಟಣ ಹಿಡಿದು ನಿಂತಿದ್ದರು. ಸುತ್ತ ಅವರ ಶಾಲೆಯ ಮಾಸ್ತರರೆಲ್ಲ ಬಾಯಿ ಒರೆಸಿಕೊಳ್ಳುತ್ತಿದ್ದರು. ನಮ್ಮೂರ ಬಸ್ಸಿನ ಕಂಡಕ್ಟರ್ ಮೊನ್ನೆಯೇ ಎಲ್ಲವನ್ನೂ ತಿಳಿಸಿ ಹೋಗಿದ್ದನಂತೆ.

ಯಜಮಾನರು ನನ್ನ ಚೀಲ ತೆಗೆದುಕೊಂಡರು. ಕಣ್ಣು ತುಂಬಿದ್ದವು. ಆಮೇಲೆ ನನ್ನ ಹತ್ತಿರ ಬಾಗಿ, ಗಣಿತ ಕಲಿಸುವ ಆ ಮನುಷ್ಯ, ಪೂರಾ ನಂಬಿಕೆಯಿಂದ ಕೇಳಿದರು: "ಆ ಸೂಜಿ ಎಲ್ಲಿ ಸಿಗತೈತಂತ? ನಮ್ಮ ಹೆಡ್‌ಮಾಸ್ತರರ ಸೊಸಿಗೆ ಒಂದ ಬೇಕಾಗಿತ್ತು."

ಇದು ಕಾಲರಾದ ಸೂಜಿ ಎಂದು ಮೊದಲಿನಿಂದ ತಿಳಿಸಿ ಹೇಳಲು ನಾನು ಬಾಯಿ ತೆರೆದೆ. ಅವರು ಪೇಡೆ ಇಟ್ಟರು. ನಾನು ನುಂಗಿದೆ.