ಸೋದರತ್ತೆ ಬರೆದ ಮೂಗುಗಳು

ನನ್ನ ಸೋದರತ್ತೆಯ ಪ್ರಕಾರ ಮನುಷ್ಯನೆಂದರೆ ಮೂಗು. ಕಾಲುಗಳನ್ನು ದೇವರು ಕೊನೆಗೆ, ಬಸ್ಸು ತಪ್ಪುವ ಅವಸರದಲ್ಲಿ ಅಂಟಿಸಿದ್ದಾನೆ! ಹಾಗೆಂದು ಅವಳು ಬಾಯಿಬಿಟ್ಟು ಹೇಳಿದವಳಲ್ಲ. ಅವಳ ಚಿತ್ರಗಳು ಹೇಳುತ್ತವೆ.

ಮದುವೆಯ ಗೊಡವೆಗೆ ಹೋಗದೆ, ವಿಮಾ ಕಚೇರಿಯಿಂದ ನಿವೃತ್ತಳಾಗಿ, ಶಕ್ತಿನಗರದ ಫ್ಲ್ಯಾಟೊಂದರಲ್ಲಿ ಅವಳು ಒಬ್ಬಳೇ ಇದ್ದಾಳೆ. ಒಂಟಿ ಹಿರಿಯರ ಮನಸ್ಸು ಅರಳಲೆಂದು ಪಂಪ್‌ವೆಲ್ ಹತ್ತಿರ ಚಿತ್ರಚಿಕಿತ್ಸೆಯ ತರಗತಿ ಶುರುವಾದಾಗ ಅವಳನ್ನು ಸೇರಿಸಿದವನು ಕೂಳೂರಿನಲ್ಲಿರುವ ನನ್ನ ಅಣ್ಣ. ಪಂಪ್‌ವೆಲ್‌ನಲ್ಲಿ ಆ ವಾಹನಗಳ ನಡುವೆ ರಸ್ತೆ ದಾಟಿ ಬಂದ ಮೇಲೆ ಯಾರ ಮನಸ್ಸು ಅರಳುತ್ತದೆ ಎಂದು ನಾನು ಕೇಳಿದ್ದೆ.

ಭಾವನೆಗಳನ್ನು ಬಣ್ಣದಲ್ಲಿ ಹೊರಹಾಕಿ ಎಂದರಂತೆ ಟೀಚರು. ಉಳಿದವರು ಸೂರ್ಯೋದಯ ಹೊರಹಾಕಿದರು. ಅತ್ತೆ ಹೊರಹಾಕಿದ್ದು ಗ್ಯಾಸಿನವನನ್ನು: ಸೌತೆಕಾಯಿಯಂಥ ಮೂಗು, ಲೋಟದಷ್ಟು ಸಿಲಿಂಡರು, ಇರುವೆಗೆ ಸಾಲುವಂಥ ಚಪ್ಪಲಿ! ಆಮೇಲೆ ಫ್ಲ್ಯಾಟಿನ ಸಂಘದ ಕಾರ್ಯದರ್ಶಿ. ತರಗತಿಯ ಚಿತ್ರಪ್ರದರ್ಶನದ ದಿನ ಅವರು ತಮ್ಮನ್ನು ತಾವೇ ಗುರುತಿಸಿ, ತಮ್ಮ ಕಾಲುಗಳೆಲ್ಲಿ ಎಂದು ಕೇಳಿದರು.

"ನೀವು ನಮ್ಮ ಮನೆಗೆ ದೂರು ಹೇಳ್ಲಿಕ್ಕೆ ಬಂದದ್ದಲ್ವಾ? ಅದಕ್ಕೆ ಕಾಲು ಎಂತಕ್ಕೆ?" ಎಂದಳು ಅತ್ತೆ.

ನಕ್ಕು ಬಿಡಬಹುದಿತ್ತು. ಟೀಚರು ಬಿಡಲಿಲ್ಲ. ಆಕಾರಗಳು ಹೀಗೆ ತಿರುಚಿಕೊಳ್ಳುವುದು ಒಳ್ಳೆಯ ಲಕ್ಷಣವಲ್ಲವೆಂದು ಅಣ್ಣನಿಗೆ ಫೋನ್ ಮಾಡಿದರು. ಅಣ್ಣ ಅಷ್ಟಕ್ಕೇ ಫ್ಲ್ಯಾಟಿಗೆ ಬೀಗ ಹಾಕಿಸಿ ಅವಳನ್ನು ಕೂಳೂರಿಗೆ ಕರೆತರುವ ತೀರ್ಮಾನ ಮಾಡಿದ. ಹಿಂದೆ ನಮ್ಮ ಶಾಲೆಯ ಚಾರ್ಟಿಗೆ ಬೆರಳು ಸಮೇತ ಪಾದ ಬರೆದುಕೊಟ್ಟವಳು, ಈಗ ನೋಡು, ಎಂದ. ನನಗೂ ಆ ಪಾದ ನೆನಪಿದೆ. ಅಥವಾ ಅಣ್ಣ ಹೇಳಿದ ಮೇಲೆ ನೆನಪಾಯಿತೇ? ನನ್ನ ನೆನಪು ಇತ್ತೀಚೆಗೆ ಸಾಕ್ಷಿ ಹೇಳುವುದಕ್ಕಿಂತ ವಕೀಲಿಕೆ ಮಾಡುವುದೇ ಹೆಚ್ಚು. ಅಂತೂ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿದ ಒಂದೇ ಅಪರಾಧಕ್ಕೆ, ಅವಳನ್ನು ಪರೀಕ್ಷಿಸಲು ನನ್ನನ್ನು ಅಟ್ಟಲಾಯಿತು.

ಕೂಳೂರಿನ ಮಾತೆತ್ತಿದೆ. ಅತ್ತೆ ಚಹಾ ಸೋಸುವ ಜಾಲರಿಯನ್ನು ಕೆಳಗಿಟ್ಟಳು.

"ಅಲ್ಲಿ ನನಗೆ ಒಂದು ಬಾಗಿಲು ಉಂಟಾ, ನನ್ನದು ಅಂತ?"

ಅಷ್ಟರಲ್ಲಿ ಬೆಲ್ ಆಯಿತು. ಸುಮ್ಮನಿರು ಎಂದು ನನಗೆ ಸನ್ನೆ ಮಾಡಿ, ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ, ಬಾಗಿಲಿನ ಪುಟ್ಟ ಉಬ್ಬುಗಾಜಿನ ಕಿಂಡಿಗೆ ಕಣ್ಣಿಟ್ಟಳು. ತೆಗೆಯಲಿಲ್ಲ. ನೋಡಿದಳು, ನೋಡಿದಳು. ನಾನೂ ಬಗ್ಗಿ ನೋಡಿದೆ. ಹೊರಗೆ ಎದುರುಮನೆಯಾಕೆ: ಸೌತೆಕಾಯಿ ಮೂಗು, ಇರುವೆ ಚಪ್ಪಲಿ! ನಾನು ಓದಿದ ಶಾಸ್ತ್ರವೆಲ್ಲ ಆ ಕಿಂಡಿಯಲ್ಲೇ ಸೋರಿಹೋಯಿತು. ಅತ್ತೆ ಕಂಡದ್ದನ್ನು ಕಂಡ ಹಾಗೆಯೇ ಬರೆದಿದ್ದಳು!

ಕೊನೆಗೂ ಬಾಗಿಲು ತೆರೆಯಿತು. ಎದುರುಮನೆಯಾಕೆ ಹಿಂದೆ ಒಯ್ದಿದ್ದ ಬಟ್ಟಲು ಕೊಟ್ಟು ಹೋದರು. ಬೆಲ್ ಆದ ಕೂಡಲೇ ತೆಗೆದರೆ ಏನಾಗುತ್ತದೆ ಎಂದು ಕೇಳಿದೆ.

"ತೆಗೆದ ಕೂಡಲೇ ಎಲ್ಲರೂ ಹೊರಡ್ಲಿಕ್ಕೆ ಶುರು ಮಾಡ್ತಾರೆ ಮಾರಾಯ. ತೆಗೆಯುವವರೆಗೆ ಉಂಟಲ್ಲ, ನನ್ನನ್ನು ಕಾಯ್ತಾ ನಿಂತಿರ್ತಾರೆ."

ಅತ್ತೆಗೆ ಏನೂ ಆಗಿಲ್ಲ, ಆ ಮೂಗುಗಳೆಲ್ಲ ನಮ್ಮವೇ ಎಂದು ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಅವನು ನಂಬಲಿಲ್ಲ, ಮನಃಶಾಸ್ತ್ರ ಓದಿದವರನ್ನು ಯಾರು ನಂಬುತ್ತಾರೆ? ಅವನನ್ನು ಕರೆತಂದು ಬಾಗಿಲ ಒಳಗೆ ನಿಲ್ಲಿಸಿ, ಹೊರಗಿನಿಂದ ಕಿಂಡಿಗೆ ನಾನೇ ಮೂಗು ತೋರಿಸಿದ ಮೇಲೆ ಕೂಳೂರಿನ ಮಾತು ನಿಂತಿತು.

ಈಗ ಶಕ್ತಿನಗರಕ್ಕೆ ಹೋದರೆ ಬೆಲ್ ಒತ್ತಿ, ಫೋನನ್ನು ಕಿಸೆಗೆ ಹಾಕಿ, ಮುಖವನ್ನು ಕಿಂಡಿಗೆ ನೇರವಾಗಿ ಹಿಡಿಯುತ್ತೇನೆ. ಒಂದು ಕಡೆ ನಿಂತು ಗೊತ್ತಿಲ್ಲದವನು ನಾನು. ಒಳಗೆ ಹೆಜ್ಜೆಗಳು ಬಂದು ಬಾಗಿಲ ಹಿಂದೆ ನಿಂತದ್ದು ಕೇಳಿಸುತ್ತದೆ. ಎರಡನೇ ಸಲ ಬೆಲ್ ಒತ್ತುವುದಿಲ್ಲ.